ಸಂಸ್ಥೆ ಕಟ್ಟುವವರಿಗೆ ನಾಲ್ಕು ಮಾತು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಯುವ ಉದ್ಯಮಿಗಳ ಗೋಷ್ಠಿಯಲ್ಲಿ ಸ್ಥಾಪಕ ನಿರ್ದೇಶಕರ ಪರವಾಗಿ ಮಾಡಿದ ಭಾಷಣ)



ಈ ಗೋಷ್ಠಿಯಲ್ಲಿ ನಾವು ಮಾತಾಡಬೇಕು ಅಂತ ಹುಡುಗರು ಬಂದು ಕೇಳಿದಾಗ ನಮಗೆ ನಗು ಬಂತು. ಅವರಲ್ಲಿ ಒಬ್ಬ ಅಡಿಕೆ ಹಾಳೆ ತಟ್ಟೆ ಮಾಡುವ ಯಂತ್ರ ಹಾಕಿದ್ದಾನೆ. ಇನ್ನೊಬ್ಬ ಎರಡು ಟೆಂಪೋ ಇಟ್ಟು ತರಕಾರಿ ಸಾಗಿಸುತ್ತಾನೆ. ಸ್ತ್ರೀಶಕ್ತಿ ಗುಂಪಿನ ಹೆಣ್ಣುಮಕ್ಕಳು ಚಟ್ನಿಪುಡಿ, ಸಾಂಬಾರ್ ಪುಡಿ ಮಾಡಿ ಪೇಟೆಯ ಅಂಗಡಿಗಳಿಗೆ ಹಾಕುತ್ತಿದ್ದಾರೆ. "ನಾವೂ ಒಂದೊಂದು ಶುರು ಮಾಡಿದ್ದೀವಿ. ಇದನ್ನ ಬೆಳೆಸೋದು ಹೇಗೆ? ಕಟ್ಟಿದವರು ಏನು ರೂಢಿ ಇಟ್ಕೋಬೇಕು? ನೀವು ಡೇರಿ ಕಟ್ಟಿದವರು, ಹೇಳಿ" ಅಂದ್ರು. ನಾವು ಕಾಲೇಜಿನಲ್ಲಿ ವ್ಯವಹಾರ ಶಾಸ್ತ್ರ ಓದಿದವರಲ್ಲ. ಆದರೆ ಇಪ್ಪತ್ತೈದು ವರ್ಷದಲ್ಲಿ ಎಷ್ಟು ಸರಿ ಮಾಡಿದ್ದೇವೆಯೋ ಅಷ್ಟೇ ತಪ್ಪನ್ನೂ ಮಾಡಿದ್ದೇವೆ. ಸರಿ ಮಾಡಿದ್ದನ್ನು ಸ್ಮರಣ ಸಂಚಿಕೆಯ ವರದಿಯಲ್ಲಿ ಕಾರ್ಯದರ್ಶಿಗಳು ಅಂಕಿ ಅಂಶ ಸಮೇತ ಬರೆದಿದ್ದಾರೆ. ತಪ್ಪಿನ ಕಥೆ ನಮ್ಮ ಬಾಯಲ್ಲೇ ಬರಬೇಕು.

ನಮ್ಮ ನಾಡಿಗೆ ಸಹಕಾರ ಹೊಸದೇನಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಪತ್ತಿನ ಸಂಘ ಕಟ್ಟಿ ದಾರಿ ತೋರಿಸಿದರು. ನಮ್ಮ ಹಾಲಿನ ಸಂಘಗಳ ಮೂಲ ಗುಜರಾತಿನ ಆನಂದ್‌ನಲ್ಲಿದೆ. ಅಲ್ಲಿಯ ಮಾದರಿಯಲ್ಲೇ 1974ರಲ್ಲಿ ನಮ್ಮ ರಾಜ್ಯದಲ್ಲಿ ಹೈನು ಅಭಿವೃದ್ಧಿ ಕೆಲಸ ಶುರುವಾಯಿತು, 1984ರಲ್ಲಿ ಅದು ಹಾಲು ಮಹಾಮಂಡಳವಾಯಿತು. ಆದ್ದರಿಂದ ನಮ್ಮ ಕಥೆ ಹೇಳುವಾಗ ಮಧ್ಯೆ ಮಧ್ಯೆ ಆನಂದ್‌ನ ಕಥೆಯೂ ಬರುತ್ತದೆ. ಅವರದು ಬೆಟ್ಟ, ನಮ್ಮದು ಕಲ್ಲು. ಆದರೂ ಎಡವುವ ಜಾಗ ಮಾತ್ರ ಎರಡೂ ಕಡೆ ಒಂದೇ.

ಮೊದಲನೆಯ ಮಾತು: ಅಳತೆ ಎಲ್ಲರಿಗೂ ಒಂದೇ

ಸಂಘ ಶುರುವಾದಾಗ ನಾವು ಏಳು ಜನ. ಬಾಡಿಗೆಗೆ ಒಂದು ಕೋಣೆ, ಎರಡು ಕ್ಯಾನು, ಒಂದು ತಕ್ಕಡಿ. ಮೊದಲ ದಿನ ಒಂದು ಕ್ಯಾನೂ ತುಂಬಲಿಲ್ಲ. "ಇವರು ಆರು ತಿಂಗಳು ನಡೆಸಿದ್ರೆ ಹೆಚ್ಚು" ಅಂತ ಅರಳೀಕಟ್ಟೆ ಮೇಲೆ ಕೂತವರು ಅಂದದ್ದು ನಮ್ಮ ಕಿವಿಗೂ ಬಿತ್ತು.

ಎರಡನೆಯ ತಿಂಗಳಲ್ಲಿ ಒಂದು ದಿನ ನಮ್ಮ ಪೈಕಿಯ ಒಬ್ಬ ನಿರ್ದೇಶಕರ ಮನೆ ಹಾಲು ಡಿಗ್ರಿಯಲ್ಲಿ ಕಡಿಮೆ ಬಂತು. ಹಾಲು ಪರೀಕ್ಷಕ ಹುಡುಗ ನಮ್ಮ ಮುಖ ನೋಡಿದ. ಸಾಲಿನಲ್ಲಿ ನಿಂತವರೆಲ್ಲ ಆ ಹುಡುಗನ ಮುಖ ನೋಡಿದರು. ಆ ಒಂದು ನಿಮಿಷದಲ್ಲಿ ಸಂಘ ಉಳಿಯಬೇಕೋ ಬೇಡವೋ ಅನ್ನೋದು ತೀರ್ಮಾನವಾಗಬೇಕಿತ್ತು. ನಿರ್ದೇಶಕರು ತಾವೇ ಪಾತ್ರೆ ಎತ್ತಿಕೊಂಡು, "ಬರಲ್ಲ ಅಂದ್ರೆ ಬರಲ್ಲ, ವಾಪಸ್ ತಗೊಂಡು ಹೋಗ್ತೀನಿ" ಅಂತ ನಡೆದರು. ಮನೆಯಲ್ಲಿ ಅವರಿಗೆ ಏನೇನು ಪೂಜೆಯಾಯಿತೋ ನಾವು ಕೇಳಲಿಲ್ಲ. ಆದರೆ ಮರುವಾರ ಹೊಸದಾಗಿ ಹಾಲು ಹಾಕುವವರು ಬಂದರು. ಅಂದಿನಿಂದ ನಿರ್ದೇಶಕರ ಮನೆ ಹಾಲನ್ನು ಎಲ್ಲರ ಎದುರಿಗೇ ಪರೀಕ್ಷೆ ಮಾಡಬೇಕು ಅಂತ ರೂಢಿ ಮಾಡಿದ್ವಿ.

ಮುಂಬಯಿಯ ಗಿರಗಾಂವ್‌ನಲ್ಲಿ 1959ರ ಮಾರ್ಚ್ 15ರಂದು ಏಳು ಜನ ಹೆಣ್ಣುಮಕ್ಕಳು 80 ರೂಪಾಯಿ ಸಾಲ ತಂದು ಮಹಡಿಯ ಮೇಲೆ ಹಪ್ಪಳ ಮಾಡಲು ಕುಳಿತರು. ಮೊದಲ ದಿನ ಆದದ್ದು ನಾಲ್ಕು ಪೊಟ್ಟಣ. ಅದೇ ಮುಂದೆ ಲಿಜ್ಜತ್ ಆಯಿತು. ಶುರುವಿನಲ್ಲಿ ಅವರು ಎರಡು ದರ್ಜೆಯ ಹಪ್ಪಳ ಮಾಡುತ್ತಿದ್ದರಂತೆ, ಒಂದು ಒಳ್ಳೆಯದು, ಇನ್ನೊಂದು ಅಗ್ಗದ್ದು. ಅವರಿಗೆ ಹಿರಿಯರಾಗಿ ದಾರಿ ತೋರಿದ ಛಗನ್‌ಲಾಲ್ ಕರಮ್‌ಸಿ ಪಾರೇಖರು, ಒಂದೇ ಗುಣಮಟ್ಟದ್ದು ಮಾಡಿ, ಅದರಲ್ಲಿ ರಾಜಿ ಬೇಡ ಅಂತ ತಿದ್ದಿದರು. ಚಟ್ನಿಪುಡಿ ಮಾಡುವ ನಮ್ಮ ಹೆಣ್ಣುಮಕ್ಕಳು ಇದನ್ನು ಕೇಳಿಸಿಕೊಳ್ಳಬೇಕು. ಪರಿಚಯದ ಅಂಗಡಿಗೆ ಒಂದು ಪುಡಿ, ಪರಊರಿಗೆ ಇನ್ನೊಂದು ಪುಡಿ ಅಂತ ಮಾಡಿದರೆ ಕೊನೆಗೆ ಹೆಸರು ಹೇಳೋದು ಕೆಟ್ಟ ಪುಡಿಯೇ.

ಎರಡನೆಯ ಮಾತು: ಸಂಸ್ಥೆಯ ಗಂಟು ಬೇರೆ, ನಮ್ಮ ಗಂಟು ಬೇರೆ

ಈಗ ತಪ್ಪಿನ ಕಥೆಗೆ ಬರುತ್ತೇವೆ. ನಾಲ್ಕನೆಯ ವರ್ಷ ಸಂಘಕ್ಕೆ ಸ್ವಲ್ಪ ಕಾಸು ಕಂಡಿತು. ಹಿಂಡಿಯ ಬೆಲೆ ಏರುತ್ತದೆ ಅನ್ನೋ ಸುದ್ದಿ ಬಂತು. ಈಗಲೇ ಲೋಡುಗಟ್ಟಲೆ ತರಿಸಿಟ್ಟರೆ ಸದಸ್ಯರಿಗೂ ಅನುಕೂಲ, ಸಂಘಕ್ಕೂ ಲಾಭ ಅಂದ್ಕೊಂಡ್ವಿ. ಬಟವಾಡೆಗೆ ಅಂತ ಬಂದಿದ್ದ ದುಡ್ಡನ್ನೇ ಅದಕ್ಕೆ ಹಾಕಿದ್ವಿ. ನಾವು ಒಂದು ಪೈಸೆ ಮುಟ್ಟಲಿಲ್ಲ, ಅದು ನಿಜ. ಆದರೆ ಬಟವಾಡೆ ಎರಡು ವಾರ ತಡವಾಯಿತು. ಆ ಎರಡು ವಾರದಲ್ಲಿ ಒಬ್ಬರಿಗೆ ಮಗನ ಶಾಲೆ ಫೀಸು ಕಟ್ಟಬೇಕಿತ್ತು, ಒಬ್ಬರಿಗೆ ಕೈಸಾಲ ತೀರಿಸಬೇಕಿತ್ತು. ಅದೇ ಹೊತ್ತಿಗೆ ಸೈಕಲ್ಲಿನಲ್ಲಿ ಹಾಲು ಒಯ್ಯುವ ಖಾಸಗಿಯವರು ಅಂಗಳಕ್ಕೇ ಬಂದು ನಗದು ಕೊಟ್ಟರು. ನಮ್ಮ ಸಾಲು ಅರ್ಧಕ್ಕೆ ಇಳಿಯಿತು. ಹೋದವರನ್ನು ನಾವು "ನಿಯತ್ತಿಲ್ಲದೋರು" ಅಂತ ಬೈದ್ವಿ. ನಿಯತ್ತು ತಪ್ಪಿದ್ದು ಯಾರದು? ಹಾಲು ಹಾಕಿದವನ ದುಡ್ಡು ಅವನದು. ಅವನನ್ನು ಕೇಳದೆ ಅವನ ಒಳ್ಳೆಯದಕ್ಕೇ ಬಳಸಿದರೂ ಅದು ತಪ್ಪೇ.

ಹೊಸದಾಗಿ ವ್ಯಾಪಾರ ಮಾಡುವವರು ನೆನಪಿಡಿ. ಗಲ್ಲಾಪೆಟ್ಟಿಗೆ ತುಂಬಿದೆ ಅಂದ ಮಾತ್ರಕ್ಕೆ ಅದು ಲಾಭವಲ್ಲ. ಅದರಲ್ಲಿ ಹಾಳೆ ತಂದುಕೊಟ್ಟವನ ಪಾಲಿದೆ, ಕೂಲಿಯವನ ಪಾಲಿದೆ, ಬ್ಯಾಂಕಿನ ಕಂತಿದೆ, ಯಂತ್ರ ಕೆಟ್ಟರೆ ರಿಪೇರಿಗೆ ಎತ್ತಿಡಬೇಕಾದ್ದಿದೆ. ಅದೆಲ್ಲ ಕಳೆದು ಉಳಿದರೆ ನಿಮ್ಮದು. ನೀವೂ ಸಂಬಳ ಅಂತ ಇಷ್ಟು ಗೊತ್ತುಮಾಡಿಕೊಂಡು ಅಷ್ಟನ್ನೇ ತಗೊಳ್ಳಿ. ಮನೆಯ ಮದುವೆ, ಹಬ್ಬ, ಮೋಟಾರ್ ಸೈಕಲ್ಲು ಇವೆಲ್ಲ ಗಲ್ಲಾದಿಂದ ನಡೆಯತೊಡಗಿದರೆ ವ್ಯಾಪಾರ ಬೆಳೆಯುತ್ತಿದೆಯೋ ಸೊರಗುತ್ತಿದೆಯೋ ನಿಮಗೇ ಗೊತ್ತಾಗುವುದಿಲ್ಲ. ಲಿಜ್ಜತ್‌ನ ಹೆಣ್ಣುಮಕ್ಕಳಿಗೆ ಆ ಪಾರೇಖರು ಸಾಲ ಕೊಟ್ಟಾಗ ಹೇಳಿದ್ದೂ ಇದೇ. ಇದು ದಾನಧರ್ಮವಲ್ಲ, ವ್ಯವಹಾರ, ಲೆಕ್ಕ ಸರಿಯಾಗಿ ಬರೆಯಿರಿ ಅಂತ.

ಮೂರನೆಯ ಮಾತು: ಕೀಲಿಕೈ

ನಮ್ಮಲ್ಲಿ ಒಂದು ಗಾದೆ ಇದೆ. ತಾನು ಮಾಡೋದು ಉತ್ತಮ, ಮಗ ಮಾಡೋದು ಮಧ್ಯಮ, ಆಳು ಮಾಡೋದು ಹಾಳು. ಬೇಸಾಯ ಮಾಡಿದವರು ನಾವು, ಈ ಗಾದೆಯನ್ನು ನೆತ್ತರಲ್ಲೇ ತಂದವರು. ಸಂಘ ಸಣ್ಣದಿದ್ದಾಗ ಈ ಗಾದೆಯೇ ನಮ್ಮನ್ನು ಕಾಪಾಡಿತು. ಬೆಳಗಿನ ಜಾವ ಎದ್ದು ಕ್ಯಾನು ತೊಳೆದವರು ನಾವೇ, ಲೆಕ್ಕ ಬರೆದವರು ನಾವೇ, ಲಾರಿಗೆ ಹತ್ತಿಸಿದವರೂ ನಾವೇ. ಸಂಘ ದೊಡ್ಡದಾದಾಗ ಇದೇ ಗಾದೆ ನಮ್ಮ ಕೊರಳಿಗೆ ಉರುಳಾಯಿತು.

ಬೀರುವಿನ ಕೀಲಿಕೈ ಮೊದಲ ಅಧ್ಯಕ್ಷರ ಸೊಂಟದಲ್ಲೇ ಇರುತ್ತಿತ್ತು. ಪರೀಕ್ಷೆಯ ಸಾಮಾನು, ರಿಜಿಸ್ಟರು ಎಲ್ಲ ಅದರೊಳಗೇ. "ಇನ್ನೊಂದು ಕೀಲಿ ಮಾಡಿಸಿ ನನ್ನ ಹತ್ರ ಕೊಡಿ ಸ್ವಾಮಿ" ಅಂತ ಪರೀಕ್ಷಕ ಹುಡುಗ ಎರಡು ಸಲ ಕೇಳಿದ್ದ. "ನಿನಗ್ಯಾಕಯ್ಯಾ ಅದು?" ಅಂದಿದ್ವಿ. ಅಧ್ಯಕ್ಷರು ಬೀಗರ ಊರಿಗೆ ಹೋಗಿದ್ದ ದಿನ ಜೋರು ಮಳೆ ಬಂತು, ಹಳ್ಳ ತುಂಬಿ ದಾರಿ ಕಟ್ಟಿತು. ಸಂಜೆ ಹಾಲಿನ ಸಾಲು ನಿಂತಿದೆ, ಬೀರು ತೆಗೆಯುವ ಹಾಗಿಲ್ಲ, ಬೀಗ ಒಡೆಯುವ ಧೈರ್ಯ ಯಾರಿಗೂ ಇಲ್ಲ. ಲಾರಿ ಕಾದು ಕಾದು ಹೋಯಿತು. ಆಗ ನಮ್ಮಲ್ಲಿ ಹಾಲು ತಣ್ಣಗಿಡುವ ಬಲ್ಕ್ ಕೂಲರ್ ಇರಲಿಲ್ಲ. ಬೆಳಗ್ಗೆ ಹೊತ್ತಿಗೆ ಇಡೀ ಊರಿನ ಹಾಲು ಒಡೆದಿತ್ತು. ಅದನ್ನು ಚೆಲ್ಲುವಾಗ ಒಬ್ಬ ತಾಯಿ ಸೆರಗು ಬಾಯಿಗೆ ಹಿಡಿದು ನಿಂತಿದ್ದನ್ನು ನಾವು ಮರೆತಿಲ್ಲ. ನಷ್ಟವನ್ನು ಸಂಘ ಭರಿಸಿತು. ಆದರೆ ಅದಕ್ಕಿಂತ ದೊಡ್ಡ ನಷ್ಟ ಆಮೇಲೆ ಆಯಿತು. ಆ ಹುಡುಗ ಕೆಲಸ ಬಿಟ್ಟು ಬೇರೆ ಊರಿಗೆ ಹೋದ. ಅಷ್ಟು ಪ್ರಾಮಾಣಿಕ, ಅಷ್ಟು ಚುರುಕಿನ ಹುಡುಗ ನಮಗೆ ಬಹಳ ವರ್ಷ ಮತ್ತೆ ಸಿಗಲಿಲ್ಲ. ಅವನು ಹೋದದ್ದು ಸಂಬಳಕ್ಕಲ್ಲ, ನಂಬಲಿಲ್ಲ ಅನ್ನೋದಕ್ಕೆ.

ಈಗ ಆನಂದ್‌ನ ಕಡೆ ನೋಡೋಣ. ಖೇಡಾ ಜಿಲ್ಲೆಯ ರೈತರು ವರ್ತಕರ ದರಕ್ಕೆ ಬೇಸತ್ತು 1946ರಲ್ಲಿ ಹದಿನೈದು ದಿನ ಹಾಲು ಕೊಡುವುದನ್ನೇ ನಿಲ್ಲಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ಅವರ ಹಾಲು ಉತ್ಪಾದಕರ ಒಕ್ಕೂಟ ನೋಂದಣಿಯಾಯಿತು. ಅದರ ಅಧ್ಯಕ್ಷರು ತ್ರಿಭುವನದಾಸ್ ಪಟೇಲರು. ಗಾಂಧೀವಾದಿ, ಸ್ವಾತಂತ್ರ್ಯ ಹೋರಾಟಗಾರ, ಊರೂರು ಸುತ್ತಿ ರೈತರನ್ನು ಒಟ್ಟು ಮಾಡಿದವರು. ಜನ ಅವರ ಮಾತು ಕೇಳುತ್ತಿದ್ದರು. ಆದರೆ ಯಂತ್ರದ ವಿದ್ಯೆ ತಮಗೆ ಗೊತ್ತಿಲ್ಲ ಅನ್ನೋದು ಅವರಿಗೆ ಗೊತ್ತಿತ್ತು. 1949ರಲ್ಲಿ ಸರ್ಕಾರಿ ಕೆಲಸದ ಮೇಲೆ ವರ್ಗೀಸ್ ಕುರಿಯನ್ ಎಂಬ ಇಪ್ಪತ್ತೇಳು ವರ್ಷದ ಇಂಜಿನಿಯರ್ ಆನಂದ್‌ಗೆ ಬಂದರು. ಕೇರಳದವರು. ಆ ಜಿಲ್ಲೆಯವರಲ್ಲ, ಆ ಜಾತಿಯವರಲ್ಲ, ಹಸು ಕಟ್ಟಿದವರೂ ಅಲ್ಲ. ವಿದ್ಯಾರ್ಥಿವೇತನದ ಕರಾರು ಮುಗಿದ ಮೇಲೆ ಊರು ಬಿಟ್ಟು ಹೊರಡುವವರಿದ್ದರು. ತ್ರಿಭುವನದಾಸರು ಅವರನ್ನು ಕೇಳಿಕೊಂಡು ಉಳಿಸಿಕೊಂಡರು. ಕುರಿಯನ್ನರು ತಮ್ಮ ಸ್ನೇಹಿತ ದಲಾಯಾ ಅವರನ್ನು ಕರೆತಂದರು. ಎಮ್ಮೆ ಹಾಲಿನಿಂದ ಹಾಲಿನ ಪುಡಿ ಆಗುವುದಿಲ್ಲ ಅಂತ ತಿಳಿದವರು ಹೇಳುತ್ತಿದ್ದ ಕಾಲದಲ್ಲಿ ದಲಾಯಾ ಅದನ್ನು ಮಾಡಿ ತೋರಿಸಿದರು. 1955ರಲ್ಲಿ ಆನಂದ್‌ನ ಕಾರ್ಖಾನೆಯೇ ಆರಂಭವಾಯಿತು.

ತ್ರಿಭುವನದಾಸರು ತಮ್ಮ ಅಣ್ಣತಮ್ಮಂದಿರ ಮಗನನ್ನು ಆ ಕುರ್ಚಿಯಲ್ಲಿ ಕೂರಿಸಬಹುದಿತ್ತು. ಕೂರಿಸಲಿಲ್ಲ. ಯಂತ್ರದ ವಿಚಾರಕ್ಕೆ ಕುರಿಯನ್, ರೈತರ ವಿಚಾರಕ್ಕೆ ತಾವು ಅಂತ ಕೆಲಸ ಹಂಚಿಕೊಂಡರು. ತನಗಿಂತ ಹೆಚ್ಚು ತಿಳಿದವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳೋದಕ್ಕೆ ದೊಡ್ಡ ಎದೆ ಬೇಕು.

ಒಡೆದ ಹಾಲಿನ ಪಾಠ ಕಲಿತ ಮೇಲೂ ನಮಗೆ ಬುದ್ಧಿ ಬರೋಕೆ ತಡವಾಯಿತು. ಬಿ.ಕಾಂ. ಓದಿದ್ದ ನಮ್ಮೂರ ಹೆಣ್ಣುಮಗಳು ಲೆಕ್ಕದ ಕೆಲಸಕ್ಕೆ ಅರ್ಜಿ ಹಾಕಿದಾಗ "ಬೆಳಗಿನ ಜಾವ ಹೆಣ್ಣುಮಗಳು ಹೇಗೆ ಬರ್ತಾಳೆ?" ಅಂತ ನಾವೇ ಕೊಕ್ಕೆ ತೆಗೆದ್ವಿ. "ನಾವು ಆ ಹೊತ್ತಿಗೆ ಎದ್ದು ಹಾಲು ಕರೆದು ಹೊತ್ತುಕೊಂಡು ಬರಲ್ವಾ?" ಅಂತ ಸಭೆಯಲ್ಲಿ ಹೆಂಗಸರೇ ಕೇಳಿದರು. ಉತ್ತರ ಇರಲಿಲ್ಲ. ಆಕೆ ಬಂದ ಮೇಲೆ ಸದಸ್ಯರಿಗೆಲ್ಲ ಬ್ಯಾಂಕ್ ಖಾತೆ ಮಾಡಿಸಿ, ಬಟವಾಡೆ ನೇರವಾಗಿ ಅವರವರ ಖಾತೆಗೆ ಹೋಗುವಂತೆ ಮಾಡಿದರು. ಹಿಂಡಿ ಕೊಳ್ಳೋಕೆ ಬಟವಾಡೆ ದುಡ್ಡು ಮುಟ್ಟುವ ದಾರಿಯನ್ನೇ ಮುಚ್ಚಿಬಿಟ್ಟರು. ಇವತ್ತು ನಮ್ಮ ಕಾರ್ಯದರ್ಶಿಗಳು ಅವರೇ.

ಕೆಲಸ ಒಪ್ಪಿಸೋದು ಅಂದರೆ ಕಣ್ಣು ಮುಚ್ಚೋದಲ್ಲ. ಇಂಥ ಕೆಲಸ ನಿನ್ನದು, ಇಷ್ಟು ಖರ್ಚಿನವರೆಗೆ ಯಾರನ್ನೂ ಕೇಳಬೇಕಿಲ್ಲ, ಇಂಥ ದಿನ ಲೆಕ್ಕ ತೋರಿಸಬೇಕು. ಈ ಮೂರನ್ನು ಬಾಯಿಬಿಟ್ಟು ಹೇಳಿ, ಆಮೇಲೆ ಸುಮ್ಮನಿರಿ. ಕೆಲಸ ಕೊಟ್ಟು ಗಳಿಗೆಗೊಮ್ಮೆ ಹೋಗಿ ಇಣುಕಿದರೆ ಕೊಟ್ಟ ಹಾಗಲ್ಲ.

ನಾಲ್ಕನೆಯ ಮಾತು: ದೂರು ತಂದವನು ಹಿತೈಷಿ

ಒಬ್ಬ ಅಜ್ಜಿ ಒಂದು ದಿನ ಕೌಂಟರಿನ ಮುಂದೆ ನಿಂತು, "ಏನ್ರಪ್ಪಾ, ನನ್ನ ಎಮ್ಮೆ ಹಾಲಿಗೆ ಹಸುವಿನ ಫ್ಯಾಟ್ ಬರ್ತದಲ್ಲಾ?" ಅಂದ್ರು. ಎಲ್ಲರೂ ನಕ್ಕರು, ನಾವೂ ನಕ್ಕೆವು. "ಅಜ್ಜೀ, ಮಿಷಿನ್ ಸುಳ್ಳು ಹೇಳಲ್ಲ" ಅಂದ್ವಿ. ಅಜ್ಜಿ ಮರುದಿನವೂ ಬಂದು ಅದನ್ನೇ ಹೇಳಿದರು. ಮೂರನೆಯ ವಾರ ಬರೋದನ್ನೇ ಬಿಟ್ಟರು. ಆಮೇಲೆ ಒಕ್ಕೂಟದವರು ತಪಾಸಣೆಗೆ ಬಂದಾಗ ಗೊತ್ತಾಯಿತು, ಯಂತ್ರದ ಅಳತೆಯೇ ತಪ್ಪಿತ್ತು. ಸರಿಯಾಗಿ ತೊಳೆದು, ಅಳತೆ ಹೊಂದಿಸಿ ಎಷ್ಟೋ ದಿನವಾಗಿತ್ತು. ನಾವು ಅಜ್ಜಿಯ ಮನೆಗೆ ಹೋಗಿ ತಪ್ಪಾಯ್ತು ಅಂದ್ವಿ, ಸರ್ವ ಸದಸ್ಯರ ಸಭೆಯಲ್ಲೂ ಎದ್ದು ಹೇಳಿದ್ವಿ. ಅಜ್ಜಿ ಅಂದದ್ದು ಒಂದೇ ಮಾತು: "ನನ್ನ ಎಮ್ಮೆ ನನಗೆ ಗೊತ್ತಿಲ್ವೇನಪ್ಪಾ?"

ಊರಲ್ಲಿ ದೊಡ್ಡವರಾದ ಮೇಲೆ ನಮ್ಮ ಸುತ್ತ ಹೌದಪ್ಪಗಳೇ ಸೇರಿಕೊಳ್ಳುತ್ತಾರೆ. ಆಗ ದೂರು ಹೇಳುವವನ ಮಾತು ಒರಟಾಗಿ ಕೇಳಿಸುತ್ತದೆ. ಆ ಒರಟುತನ ಬಿಟ್ಟು ಒಳಗಿನ ವಿಷಯ ತಗೊಳ್ಳೋದನ್ನು ಕಲಿಯಬೇಕು. ವಾರಕ್ಕೊಂದು ದಿನ ನೀವೇ ಕೌಂಟರಿನಲ್ಲಿ ನಿಲ್ಲಿ. ಟೆಂಪೋ ಇಟ್ಟವರು ತಿಂಗಳಿಗೊಮ್ಮೆ ಡ್ರೈವರ್ ಪಕ್ಕ ಕೂತು ಮಾರುಕಟ್ಟೆಯವರೆಗೂ ಹೋಗಿ ಬನ್ನಿ. ಖಾತೆ ಪುಸ್ತಕ ಹೇಳದ ವಿಷಯ ದಾರಿಯಲ್ಲಿ ಸಿಗುತ್ತದೆ.

ಬೆಳೆಯುವ ದಾರಿಯೂ ಈ ದೂರುಗಳಲ್ಲೇ ಇರುತ್ತದೆ. ಅಡಿಕೆ ಬೆಳೆಗಾರರಿಗೆ ಬೆಲೆ ಸಿಗದೆ ಕಂಗಾಲಾಗಿದ್ದಾಗ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿತು. ಮುಂದೆ ಅದೇ ಬೆಳೆಗಾರರು ತೋಟದಲ್ಲಿ ಹಾಕಿದ ಕೋಕೋ ಬೆಲೆ ಕುಸಿದಾಗ ಸಂಸ್ಥೆ ಅದನ್ನೂ ಕೊಳ್ಳಲು ಮುಂದಾಯಿತು. ಕೊಂಡ ಕೋಕೋಗೆ ಒಂದು ದಾರಿ ಬೇಕಲ್ಲ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯಾಯಿತು. ಹೆಸರಿಗಾಗಿ ಕಾರ್ಖಾನೆ ಕಟ್ಟಲಿಲ್ಲ, ಸದಸ್ಯರ ಕಷ್ಟದ ಹಿಂದೆ ನಡೆದು ಅಲ್ಲಿಗೆ ಮುಟ್ಟಿದರು. ಪಕ್ಕದೂರಿನವರು ಎರಡಂತಸ್ತು ಕಟ್ಟಿದರು ಅಂತ ನಾವು ಮೂರಂತಸ್ತು ಕಟ್ಟಹೊರಟರೆ ಅದು ಬೆಳವಣಿಗೆಯಲ್ಲ, ಬಾವು. ಲಿಜ್ಜತ್‌ನವರಿಗೆ ಮೊದಲ ವರ್ಷ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಂತಿತು. ಮರುವರ್ಷ ಅವರು ಒಂದು ಮಂಚ, ಒಂದು ಸ್ಟೋವ್ ಕೊಂಡರು. ಮಂಚದ ಮೇಲೆ ಹಪ್ಪಳ, ಕೆಳಗೆ ಸ್ಟೋವ್. ಮಳೆಗಾಲ ಗೆದ್ದರು. ತೊಂದರೆ ಎಷ್ಟಿದೆಯೋ ಅಷ್ಟೇ ಖರ್ಚು.

ಕೊನೆಯ ಮಾತು

ನಾಲ್ಕು ಅಂತ ಹೇಳಿ ಐದಕ್ಕೆ ಬಂದೆವು, ಕ್ಷಮಿಸಬೇಕು. ಇದು ಹುಡುಗರಿಗಿಂತ ಹೆಚ್ಚಾಗಿ ನಮಗೇ ನಾವು ಹೇಳಿಕೊಳ್ಳುವ ಮಾತು.

ತ್ರಿಭುವನದಾಸರು 1970ರ ದಶಕದ ಆರಂಭದಲ್ಲಿ ತಾವಾಗಿಯೇ ಅಧ್ಯಕ್ಷಗಿರಿ ಬಿಟ್ಟರು. ಆಗ ಹಳ್ಳಿ ಹಳ್ಳಿಯ ಸದಸ್ಯರು ತಲೆಗೆ ಒಂದು ರೂಪಾಯಿಯಂತೆ ಕೂಡಿಸಿ ಆರು ಲಕ್ಷ ರೂಪಾಯಿಯ ಹಮ್ಮಿಣಿ ಅರ್ಪಿಸಿದರು. ಅವರು ಅದನ್ನು ಮನೆಗೆ ಒಯ್ಯದೆ ಹಳ್ಳಿಯ ತಾಯಂದಿರ ಮತ್ತು ಮಕ್ಕಳ ಆರೋಗ್ಯಕ್ಕಾಗಿ ಒಂದು ಪ್ರತಿಷ್ಠಾನ ಮಾಡಿದರು. ಬಿಡುವುದು ಎಲ್ಲರಿಗೂ ಅಷ್ಟು ಸುಲಭವಲ್ಲ. ದೇಶಕ್ಕೆ ಕ್ಷೀರಕ್ರಾಂತಿ ತಂದ ಕುರಿಯನ್ನರೇ 2006ರಲ್ಲಿ ಗುಜರಾತಿನ ಹಾಲು ಮಾರಾಟ ಮಹಾಮಂಡಳದಿಂದ ಭಿನ್ನಾಭಿಪ್ರಾಯಗಳ ನಡುವೆ ಹೊರಬರಬೇಕಾಯಿತು. ಅವರ ದೊಡ್ಡತನಕ್ಕೆ ಅದರಿಂದ ಕುಂದಿಲ್ಲ. ಆದರೆ ಅಂಥವರಿಗೇ ಕಷ್ಟವಾದದ್ದು ನಮಗೆ ಎಷ್ಟು ಕಷ್ಟವಾದೀತು ಅಂತ ಯೋಚಿಸಬೇಕು.

ನಾವು ಏಳು ಜನರಲ್ಲಿ ಇಬ್ಬರು ಈಗ ಇಲ್ಲ. ಅವರ ಭಾವಚಿತ್ರ ಕಚೇರಿಯ ಗೋಡೆಯ ಮೇಲಿದೆ. ಉಳಿದ ಐವರು ಮೊನ್ನೆ ರಾತ್ರಿ ಸೇರಿ ಮಾತಾಡಿಕೊಂಡ್ವಿ. ಒಬ್ಬರು ಸುಮ್ಮನೆ ಕಣ್ಣೊರೆಸಿಕೊಂಡರು, ಇನ್ನೊಬ್ಬರು "ಇನ್ನೊಂದೇ ಅವಧಿ ಇರೋಣ" ಅಂದ್ರು. ಕೊನೆಗೆ ಒಂದೇ ಮಾತಿಗೆ ಬಂದ್ವಿ. ಬರುವ ಚುನಾವಣೆಗೆ ನಾವು ಐವರೂ ನಿಲ್ಲುವುದಿಲ್ಲ. ನಮ್ಮ ಮಕ್ಕಳನ್ನು ಆ ಜಾಗಕ್ಕೆ ನಿಲ್ಲಿಸಿ ಅಂತ ಯಾರ ಬಳಿಯೂ ಕೇಳುವುದಿಲ್ಲ. ಅವರು ನಿಂತರೆ ಎಲ್ಲರಂತೆ ಸಾಲಿನಲ್ಲಿ ನಿಲ್ಲಲಿ. ಹೊಸ ಮಂಡಳಿ ಕರೆದರೆ ಬಂದು ಸಲಹೆ ಹೇಳುತ್ತೇವೆ, ಕರೆಯದಿದ್ದರೆ ಹಾಲು ಹಾಕಿ ಮನೆಗೆ ಹೋಗುತ್ತೇವೆ.

ಆ ಹಳೆಯ ಬೀರುವಿನ ಕೀಲಿಕೈ ಇಷ್ಟು ವರ್ಷ ಮೊದಲ ಅಧ್ಯಕ್ಷರ ಮನೆಯ ಗೂಡಿನಲ್ಲಿತ್ತು. ಬೀರು ಗುಜರಿಗೆ ಹೋಗಿ ಕಾಲವಾಯಿತು, ಕೀಲಿ ಮಾತ್ರ ಉಳಿದಿತ್ತು. ಅವರ ಮನೆಯವರು ಅದನ್ನು ತಂದುಕೊಟ್ಟಿದ್ದಾರೆ. ಅದರಿಂದ ಈಗ ಯಾವ ಬೀಗವೂ ತೆಗೆಯುವುದಿಲ್ಲ. ಆದರೂ ಇವತ್ತು ಎಲ್ಲರ ಎದುರಿಗೆ ಅದನ್ನು ಕಾರ್ಯದರ್ಶಿಗಳ ಕೈಗೆ ಕೊಡುತ್ತಿದ್ದೇವೆ. ಇಪ್ಪತ್ತು ವರ್ಷದ ಹಿಂದೆ ಒಬ್ಬ ಹುಡುಗ ಕೇಳಿದಾಗ ಕೊಡಬೇಕಿತ್ತು. ಅವನು ಎಲ್ಲೇ ಇರಲಿ, ಚೆನ್ನಾಗಿರಲಿ.

ಸಂಜೆ ಹಾಲಿಗೆ ಹೊತ್ತಾಯಿತು, ತಾಯಂದಿರು ಹೊರಡಬಹುದು. ಸಂಘ ಚಿರಕಾಲ ಬಾಳಲಿ.